ಸಿಡಿಲಕ್ಕನ ಕಣ್ಣಿಗೆ ಪಾಪೆ

ನಾನು ಕಣ್ಣು ಬರೆಯುವವಳು. ಹೀಗೆಂದರೆ ಜನ ಕನ್ನಡಕದ ಅಂಗಡಿ ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ. ಕಾಮಿಕ್ಸ್ ಪುಸ್ತಕಗಳಲ್ಲಿ ಆಕಾಶದಲ್ಲಿ ಹಾರುವವರು, ಬಸ್ಸು ಎತ್ತುವವರು, ಕೈಯಿಂದ ಬೆಂಕಿ ಬಿಡುವವರು ಇರುತ್ತಾರಲ್ಲ, ಅವರ ಕಣ್ಣು. ನಮ್ಮ ಕಚೇರಿಯಲ್ಲಿ ಒಂದೊಂದು ಪುಟವೂ ನಾಲ್ಕಾರು ಮೇಜು ದಾಟಿ ಬರುತ್ತದೆ. ಒಬ್ಬರು ಮೈಕಟ್ಟು ಬರೆಯುತ್ತಾರೆ, ಒಬ್ಬರು ಬಟ್ಟೆಬರೆ, ಒಬ್ಬರು ಕಟ್ಟಡ. ಕಟ್ಟಡದವರು ವಾರಗಟ್ಟಲೆ ಕೂತು ಬರೆದ ಕಟ್ಟಡ ಮುಂದಿನ ಪುಟದಲ್ಲಿ ಬಿದ್ದೇ ಬೀಳುತ್ತದೆ, ಹಾಗಾಗಿ ಅವರು ಸದಾ ಮುಖ ಗಂಟು ಹಾಕಿಕೊಂಡಿರುತ್ತಾರೆ. ಕಣ್ಣು ಕೊನೆಗೆ. ಎಲ್ಲರ ಕೈ ದಾಟಿದ ಮೇಲೆ ಪುಟ ನನ್ನ ಹತ್ತಿರ ಕುರುಡಾಗಿ ಬರುತ್ತದೆ, ನಾನು ನೋಟ ಕೊಟ್ಟು ಕಳಿಸುತ್ತೇನೆ. ಕಣ್ಣೀರೂ ನನ್ನ ಇಲಾಖೆಯೇ.

ಕಥೆ ಬರೆಯುವವರು ನಮ್ಮವರು. ಎಂದರೆ ನನ್ನ ಗಂಡ. ಕಚೇರಿಯಲ್ಲಿ ನನ್ನ ಮೇಜು ಅವರ ಬೆನ್ನ ಹಿಂದೆ. ದಿನವಿಡೀ ಅವರ ತಲೆಯ ಹಿಂಭಾಗದ ಬೋಳು ನೋಡಿಕೊಂಡು ಕೆಲಸ ಮಾಡುತ್ತೇನೆ. ಮದುವೆಯಾದಾಗ ಅದು ನಾಣ್ಯದಷ್ಟಿತ್ತು, ಈಗ ಸಾಸರಿನಷ್ಟಾಗಿದೆ. ಅವರಿಗೆ ಅದು ಇದೆಯೆಂದೇ ಗೊತ್ತಿಲ್ಲ. ಕನ್ನಡಿಯಲ್ಲಿ ಮುಂದಿನಿಂದ ನೋಡಿಕೊಂಡು, ಕೂದಲು ಇನ್ನೂ ಗಟ್ಟಿಯಾಗಿದೆ ಎಂದು ಬೀಗುತ್ತಾರೆ. ನಾನೂ ಹೇಳಲು ಹೋಗಿಲ್ಲ, ಸಂಸಾರದಲ್ಲಿ ಒಂದಿಷ್ಟು ದಯೆ ಬೇಕಾಗುತ್ತದೆ.

ಪುಟದ ಅಂಚಿನಲ್ಲಿ ನೀಲಿ ಪೆನ್ಸಿಲ್ಲಿನಿಂದ ಅವರು ನನಗೆ ಸೂಚನೆ ಬರೆದಿರುತ್ತಾರೆ. ‘ಕೋಪ’, ‘ಅನುಮಾನ’, ‘ಪ್ರೀತಿ, ಆದರೆ ಸ್ವಲ್ಪವೇ’. ಇವೆಲ್ಲ ಮಾಡಬಹುದಾದ ಕೆಲಸ. ನನಗೆ ಮೈ ಉರಿಯುವುದು ಒಂದೇ ಸೂಚನೆಗೆ. ‘ಬಿಳಿ’.

ಬಿಳಿ ಎಂದರೆ ಪಾಪೆ ಬೇಡ. ಕಣ್ಣಿನ ಗೆರೆ ಎಳೆದು ಒಳಗಡೆ ಖಾಲಿ ಬಿಡಬೇಕು. ಅಂಥ ಕಣ್ಣು ಕಂಡ ಕೂಡಲೇ ಓದುವವರಿಗೆ ಗೊತ್ತಾಗುತ್ತದೆ, ಇವಳ ಹಿಡಿತ ತಪ್ಪಿತು, ಇನ್ನು ಇವಳ ಕಥೆ ಮುಗಿಯಿತು ಎಂದು. ಇವಳ ಎಂದೆ, ಗಮನಿಸಿ. ಗಂಡಸರ ಕಣ್ಣು ಬಿಳಿಯಾದದ್ದನ್ನು ನಾನು ಈ ಕಚೇರಿಯಲ್ಲಿ ಕಂಡಿಲ್ಲ. ನಮ್ಮ ನಾಯಕ ಉಕ್ಕಣ್ಣನಿಗೆ ಕೋಪ ಬಂದರೆ ಹುಬ್ಬು ಗಂಟಾಗುತ್ತದೆ, ಪಾಪೆ ಇದ್ದಲ್ಲೇ ಇರುತ್ತದೆ. ಅವನು ಊರಿಗೆ ಊರೇ ಕೆಡವಿದರೂ ಅದಕ್ಕೊಂದು ಕಾರಣವಿರುತ್ತದೆ, ಆಮೇಲೆ ಭಾಷಣವೂ ಇರುತ್ತದೆ.

ಹೆಂಗಸರ ದಾರಿಯೇ ಬೇರೆ. ಮೊದಲು ಸಾಗರಿ ಎಂಬವಳಿದ್ದಳು, ನೀರನ್ನು ಆಳುವವಳು. ಮಗು ಕಳೆದುಕೊಂಡಳು, ಕಣ್ಣು ಬಿಳಿಯಾಯಿತು, ಸತ್ತಳು. ಆಮೇಲೆ ಅಗ್ನಿಜೆ. ಪ್ರೀತಿಯಲ್ಲಿ ಬಿದ್ದಳು, ಬಿಳಿ, ಸತ್ತಳು. ಇಬ್ಬರೂ ಉಕ್ಕಣ್ಣನ ತೋಳಿನಲ್ಲೇ ಸತ್ತರು, ಇಬ್ಬರಿಗೂ ಅವನೇ ಈಟಿ ಚುಚ್ಚಿದ್ದ, ಚುಚ್ಚುವಾಗ ಅತ್ತ. ಅಳುವ ಆ ಕಣ್ಣು ಬರೆದವಳು ನಾನೇ. ಒಳ್ಳೇ ದಪ್ಪ ಹನಿ.

ಇದರ ಲೆಕ್ಕಾಚಾರ ಸುಲಭ. ಸಿಡಿಲಕ್ಕನನ್ನೇ ನೋಡಿ. ಮೊದಲ ಸಂಚಿಕೆಯಲ್ಲಿ ಅವಳು ಬೆರಳು ಚಿಟಿಕೆ ಹೊಡೆದರೆ ಬಲ್ಬು ಹತ್ತುತ್ತಿತ್ತು, ಅಷ್ಟೇ. ಪುಸ್ತಕ ಚೆನ್ನಾಗಿ ಹೋಯಿತು. ಮಾಲೀಕರು ‘ಇನ್ನೂ ಸ್ವಲ್ಪ ಶಕ್ತಿ ಕೊಡಿ’ ಎಂದರು. ಕೊಟ್ಟರು. ಇನ್ನೂ ಸ್ವಲ್ಪ ಎಂದರು. ಹೋಗ್ತಾ ಹೋಗ್ತಾ ಅವಳು ಸಮುದ್ರ ನಿಲ್ಲಿಸಿದಳು, ಚಂದ್ರನನ್ನು ಆ ಕಡೆ ತಳ್ಳಿದಳು. ಉಕ್ಕಣ್ಣ ಇನ್ನೂ ಬಸ್ಸು ಎತ್ತಿಕೊಂಡೇ ಇದ್ದ. ಇವಳ ಮುಂದೆ ನಿಲ್ಲಬಲ್ಲ ವೈರಿ ನಮ್ಮವರ ತಲೆಗೆ ಹೊಳೆಯಲಿಲ್ಲ. ವೈರಿ ಸಿಗದಿದ್ದಾಗ ನಮ್ಮ ಕಚೇರಿಯಲ್ಲಿ ಅವಳನ್ನೇ ವೈರಿ ಮಾಡುವ ಪದ್ಧತಿ.

ಈ ಹೊತ್ತಿಗೇ ಸಿನಿಮಾದವರು ಬಂದರು. ಸಿಡಿಲಕ್ಕನ ಕಥೆ ಅವರಿಗೆ ಬೇಕು, ಆದರೆ ಕೊನೆ ಸಮೇತ ಬೇಕು. ಅವಳ ಹಿಡಿತ ತಪ್ಪಬೇಕು, ಉಕ್ಕಣ್ಣ ಈಟಿ ಹಿಡಿಯಬೇಕು, ಪೋಸ್ಟರಿನ ಮೇಲೆ ಬಿಳಿ ಕಣ್ಣು ಬೇಕೇ ಬೇಕು. ಅಂಥ ಸಂಚಿಕೆ ಮೊದಲು ಪುಸ್ತಕವಾಗಿ ಬರಲಿ, ಆಮೇಲೆ ನಮ್ಮವರು ದೂರದ ಊರಿನ ಸ್ಟುಡಿಯೋಗೆ ಬಂದು ಅವರ ಜೊತೆ ಕೂತು ಬರೆಯಲಿ, ನಾನೂ ಕಣ್ಣಿನ ವಿಚಾರಕ್ಕೆ ಜೊತೆಗಿರಲಿ ಎಂದು ಮಾತಾಯಿತು. ನಮ್ಮವರು ಹಿಗ್ಗಿದ್ದು ಹಿಗ್ಗಿದ್ದೇ. ನಾನೂ ಹಿಗ್ಗಬಹುದಿತ್ತು. ಆದರೆ ಮನೆಯಲ್ಲಿ ಅತ್ತೆ ಇದ್ದರು.

ಅತ್ತೆಯ ವಿಚಾರ ಹೇಳಬೇಕು. ನಮ್ಮ ಮನೆಯಲ್ಲಿ ಗಾಜಿನ ಸಾಮಾನಿಲ್ಲ. ಪಿಂಗಾಣಿಯೂ ಇಲ್ಲ. ತಟ್ಟೆ ಸ್ಟೀಲು, ಲೋಟ ಸ್ಟೀಲು, ಡಬ್ಬಗಳೆಲ್ಲ ಪ್ಲಾಸ್ಟಿಕ್ಕು. ಮದುವೆಗೆ ನನ್ನ ಚಿಕ್ಕಮ್ಮ ಒಂದು ಟೀ ಸೆಟ್ಟು ಕೊಟ್ಟಿದ್ದರು, ಹೂವಿನ ಚಿತ್ರದ್ದು. ನಮ್ಮವರು ಅದನ್ನು ಬಿಚ್ಚದೆ ಅಟ್ಟದ ಮೇಲಿಟ್ಟು, ‘ಅಮ್ಮನ ಕಣ್ಣಿಗೆ ಬೀಳಬಾರದು’ ಎಂದರು. ಚಾಕು ಬೀರುವಿನಲ್ಲಿ. ಮನೆ ಬೀಗದ ಕೈ ಅವರಿಗೆ ಕೊಡುವಂತಿಲ್ಲ. ಗ್ಯಾಸ್ ಹಚ್ಚುವಾಗ ಯಾರಾದರೂ ಪಕ್ಕದಲ್ಲಿರಬೇಕು. ಇಷ್ಟೆಲ್ಲ ಕಾವಲು ಯಾರಿಗಪ್ಪಾ ಎಂದರೆ, ಸೊಳ್ಳೆ ಕಚ್ಚಿದರೂ ಉಫ್ ಎಂದು ಊದಿ ಕಳಿಸುವ ಒಬ್ಬ ಸಣಕಲು ಮುದುಕಿಗೆ.

ಯಾಕೆಂದರೆ ಒಂದು ದಿನ, ನಮ್ಮವರು ಇನ್ನೂ ಚಿಕ್ಕವರಿದ್ದಾಗ, ಅತ್ತೆ ಅಡುಗೆಮನೆಯಲ್ಲಿದ್ದ ಸಾಮಾನನ್ನೆಲ್ಲ ಒಡೆದರು. ಈ ಕಥೆಯನ್ನು ನಮ್ಮವರು ಹೇಳುವ ರೀತಿ ನನಗೆ ಬಾಯಿಪಾಠ. ಸಿನಿಮಾ ನಿರ್ದೇಶಕ ಮನೆಗೆ ಬಂದಾಗಲೂ ಹೇಳಿದರು, ಅತ್ತೆ ಒಳಗೆ ಮಲಗಿದ್ದಾಗ, ದನಿ ತಗ್ಗಿಸಿ.

“ನಾನು ಬಾಗಿಲ ಹತ್ರ ನಿಂತಿದ್ದೆ. ಅಮ್ಮ ಒಂದೊಂದೇ ತಟ್ಟೆ ತೆಗೆದು ನೆಲಕ್ಕೆ ಹಾಕ್ತಿದ್ಲು. ಕೂಗ್ತಿರಲಿಲ್ಲ, ಅಳ್ತಿರಲಿಲ್ಲ. ಕಣ್ಣೆಲ್ಲ ಬಿಳಿ. ಒಳಗೆ ಯಾರೂ ಇಲ್ಲದ ಹಾಗಿತ್ತು. ನಾನು ಆ ಗಾಜಿನ ಚೂರುಗಳ ಮೇಲೇ ಹಾದು ಹಿತ್ತಿಲ ಬಾಗಿಲಿಂದ ಓಡಿಹೋದೆ. ಪುಣ್ಯಕ್ಕೆ ಬೂಟು ಹಾಕಿಕೊಂಡಿದ್ದೆ.”

ನಿರ್ದೇಶಕ ಟೀ ಲೋಟ ಕೆಳಗಿಟ್ಟು, “ಇದೇ, ಇದೇ ನಮ್ಮ ಕ್ಲೈಮ್ಯಾಕ್ಸು” ಎಂದ.

ಸಾಮಾನು ಒಡೆದ ಆ ದಿನದಿಂದ ನಮ್ಮವರು ಅಮ್ಮನಿಗೆ ಬೆನ್ನು ತೋರಿಸಿ ಕೂತವರಲ್ಲ. ಊಟಕ್ಕೆ ಕೂತರೆ ಗೋಡೆಗೆ ಒರಗಿ, ಅಡುಗೆಮನೆ ಬಾಗಿಲು ಕಾಣುವ ಹಾಗೆ. ಅತ್ತೆ ಕೋಣೆಯೊಳಗೆ ಬಂದರೆ ಇವರು ಮೆಲ್ಲಗೆ ತಿರುಗಿಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಇದು ಗೌರವ ಅಂದುಕೊಂಡಿದ್ದೆ.

“ಎಲ್ಲಾ ಅಮ್ಮಂದಿರೂ ಮಗ ಬೆನ್ನು ಹಾಕಿದ ಅಂತ ಅಳ್ತಾರೆ” ಎಂದಿದ್ದರು ಅತ್ತೆ ಒಮ್ಮೆ, ಬಟ್ಟೆ ಮಡಿಸುತ್ತಾ. “ನಂದು ಉಲ್ಟಾ ನೋಡು. ಸಾಯೋದ್ರೊಳಗೆ ಅವನು ಒಂದು ದಿನ ನನಗೆ ಬೆನ್ನು ಹಾಕಿ ನಿಶ್ಚಿಂತೆಯಾಗಿ ಕೂತರೆ ಸಾಕು.”

ಈಗ ಸಿನಿಮಾ ಬಂತಲ್ಲ, ನಾವಿಬ್ಬರೂ ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ. ನಮ್ಮವರು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು. ಊರಾಚೆ ಒಂದು ಆರೈಕೆ ಕೇಂದ್ರವಿದೆ, ಕಿಟಕಿಗೆ ಸರಳು, ಬಾಗಿಲಿಗೆ ಕಾವಲುಗಾರ, ತಟ್ಟೆ ಪ್ಲಾಸ್ಟಿಕ್ಕು. ಅಲ್ಲಿ ಮಾತಾಡಿ ಬಂದಿದ್ದರು.

“ಅವರು ಇಲ್ಲೇ ಇರಲಿ. ಎದುರು ಮನೆಯವರು ದಿನಾ ಬಂದು ಹೋಗ್ತಾರೆ” ಎಂದೆ.

“ಏನು ಹೇಳ್ತಾ ಇದೀಯ ನೀನು? ಗ್ಯಾಸು, ಬೆಂಕಿ, ಒಬ್ಬಳೇ. ಮತ್ತೆ ಹಿಡಿತ ತಪ್ಪಿದ್ರೆ?”

“ಇಷ್ಟು ವರ್ಷದಲ್ಲಿ ಒಂದು ಚಮಚವಾದ್ರೂ ಬಗ್ಗಿಸಿದಾರೇನ್ರೀ?”

“ಅದಕ್ಕೇ ಭಯ” ಎಂದರು ನಮ್ಮವರು. ನಾನು ಎದ್ದು ಹೋಗಿ ಪಾತ್ರೆ ತಿಕ್ಕಿದೆ, ಬೇಕೆಂತಲೇ ಸದ್ದು ಮಾಡಿಕೊಂಡು.

ಅತ್ತೆಗೆ ಇದನ್ನು ಹೇಳಿದವರು ಯಾರೂ ಇಲ್ಲ, ಆದರೆ ಗೊತ್ತಾಗಿತ್ತು. ಅವರು ತಮ್ಮ ಸೀರೆಗಳನ್ನು ಒಂದು ಚೀಲಕ್ಕೆ ತುಂಬಿ, ಮತ್ತೆ ತೆಗೆದು, ಮತ್ತೆ ತುಂಬುವುದನ್ನು ನೋಡಿದೆ.

ಅತ್ತೆ ನಮ್ಮ ಪುಸ್ತಕಗಳ ಮೊದಲ ಓದುಗರು. ಪುಟಗಳನ್ನು ನಾನು ಮನೆಗೆ ತಂದಾಗ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ತಿರುವುತ್ತಾರೆ. ಸಿಡಿಲಕ್ಕನ ಕೊನೆಯ ಸಂಚಿಕೆಯ ಪುಟಗಳನ್ನೂ, ಇನ್ನೂ ಕಣ್ಣು ಬರೆದಿರಲಿಲ್ಲ, ತಿರುವಿದರು.

“ಇವಳು ಯಾಕೆ ಊರು ಒಡೀತಿದಾಳೆ?”

“ಶಕ್ತಿ ಜಾಸ್ತಿಯಾಯ್ತಂತೆ ಅತ್ತೆ. ತಲೆಗೇರಿತಂತೆ.”

“ಶಕ್ತಿ ಜಾಸ್ತಿಯಾದ್ರೆ ಯಾರಾದ್ರೂ ಒಡೀತಾರಾ?” ಎಂದರು ಅತ್ತೆ. “ಸಾಕಾದ್ರೆ ಒಡೀತಾರೆ.” ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, “ಈ ಸಲ ಇವಳನ್ನ ಕೊಲ್ಲದೇ ಇದ್ರೆ ಆಗಲ್ವಾ ಅಂತ ಕೇಳು ಅವನನ್ನ” ಎಂದರು.

ಕೇಳಿದೆ. ‘ಪೋಸ್ಟರ್ ಆಗಲೇ ನಿಗದಿಯಾಗಿದೆ’ ಎಂದರು ನಮ್ಮವರು.

ಪೋಸ್ಟರಿಗಾಗಿ ನಮ್ಮೂರಿನಲ್ಲೇ ಒಂದು ಹಳೇ ಗೋದಾಮಿನಲ್ಲಿ ಪರೀಕ್ಷೆಗೆ ಶೂಟಿಂಗ್ ಇಟ್ಟುಕೊಂಡಿದ್ದರು. ನಟಿಯ ಕಣ್ಣಿಗೆ ಹಾಕುವ ಬಿಳಿ ಲೆನ್ಸು ಪುಸ್ತಕದ ಕಣ್ಣಿನ ಹಾಗೆ ಇದೆಯೋ ಇಲ್ಲವೋ ಹೇಳಲು ನನ್ನನ್ನೂ ಕರೆಸಿದ್ದರು. ನಟಿ ಗಟ್ಟಿಮುಟ್ಟಾದ ಹುಡುಗಿ. ನೆಲದ ಮೇಲೆ ಒಡೆದ ಊರಿನ ಚೂರುಗಳನ್ನು ಹರಡಿದ್ದರು, ಅವಳು ಬರಿಗಾಲಿನಲ್ಲಿ ಅದರ ನಡುವೆ ನಡೆದು ಬಂದು ಎರಡೂ ಕೈ ಎತ್ತಬೇಕಿತ್ತು. ಲೆನ್ಸು ಹಾಕಿದರು. ಕಣ್ಣು ನಿಜಕ್ಕೂ ಬೇಯಿಸಿದ ಮೊಟ್ಟೆಯ ಹಾಗಾಯಿತು.

“ಸರ್, ಏನೂ ಕಾಣ್ತಿಲ್ಲ” ಎಂದಳು ನಟಿ.

“ಅದೇ ಬೇಕಾಗಿರೋದು” ಎಂದ ನಿರ್ದೇಶಕ.

ಅವಳು ನಡೆದಳು. ಮೊದಲು ದೀಪದ ಕಂಬಕ್ಕೆ ಡಿಕ್ಕಿ ಹೊಡೆದು ಅದಕ್ಕೆ ‘ಸಾರಿ’ ಎಂದಳು. ಎರಡನೇ ಸಲ ಉಕ್ಕಣ್ಣನ ವೇಷದವನನ್ನು ತುಳಿದಳು. ಅವಳ ಎದುರಿಗೆ ಕೆಡವಲೆಂದೇ ಇಟ್ಟಿದ್ದ ರಟ್ಟಿನ ಗೋಪುರವಿತ್ತು, ಅದೊಂದು ಮಾತ್ರ ಅವಳ ಕೈಗೆ ಸಿಗಲಿಲ್ಲ. ಮೂರನೇ ಸಲ ಅವಳ ಕಾಲಿಗೆ ಏನೋ ಚುಚ್ಚಿತು. ರಕ್ತ ಬಂತು. ಲೆನ್ಸು ತೆಗೆದು, ಕೂರಿಸಿ, ಪಟ್ಟಿ ಕಟ್ಟಿದರು. ಬಟ್ಟೆ ನೋಡಿಕೊಳ್ಳುವ ಹೆಂಗಸು ತನ್ನ ಚಪ್ಪಲಿ ಬಿಟ್ಟು ಅವಳ ಕಾಲಿಗೆ ಹಾಕಿದಳು.

“ಕಣ್ಣು ಕಾಣದೆ ಏನು ಒಡೆಯೋಕಾಗುತ್ತೆ ಹೇಳಿ ಆಂಟೀ? ಒಡೆಯೋಕೆ ಮೊದಲು ನೋಡ್ಬೇಕಲ್ವಾ?” ಎಂದು ನಟಿ ನನ್ನನ್ನು ಕೇಳಿದಳು.

ಹೌದಮ್ಮ ಎಂದು ಹೇಳಬೇಕೆಂದಿದ್ದವಳು ಅವಳ ಕಾಲಿನ ಚಪ್ಪಲಿಯನ್ನೇ ನೋಡುತ್ತಾ ನಿಂತೆ. ಪುಣ್ಯಕ್ಕೆ ಬೂಟು ಹಾಕಿಕೊಂಡಿದ್ದೆ. ಮದುವೆಯಾದಾಗಿನಿಂದ ನಮ್ಮವರ ಬಾಯಲ್ಲಿ ಕೇಳಿದ ಮಾತು. ನಮ್ಮತ್ತೆಯ ಮನೆಯಲ್ಲಿ ಬೂಟು, ಚಪ್ಪಲಿ ಎಲ್ಲ ಬಾಗಿಲಾಚೆ. ಮಾಲೀಕರು ಬಂದರೂ ಬಿಚ್ಚಿಯೇ ಒಳಗೆ ಬರಬೇಕು. ಆ ವಿಚಾರದಲ್ಲಿ ಮಾತ್ರ ಅತ್ತೆಯ ಮಾತು ಇವತ್ತಿಗೂ ನಡೆಯುತ್ತದೆ. ಅಡುಗೆಮನೆಯೊಳಗೆ ನಿಂತಿದ್ದ ಮಗುವಿನ ಕಾಲಿಗೆ ಬೂಟು ಎಲ್ಲಿಂದ ಬಂತು?

ಮನೆಗೆ ಹೋದಾಗ ಅತ್ತೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದರು. ನಮ್ಮವರು ಇನ್ನೂ ಕಚೇರಿಯಲ್ಲಿದ್ದರು. ನನಗೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ.

“ಅತ್ತೆ, ಆ ದಿನ ಇವರಿಗೆ ಬೂಟು ಹಾಕಿದ್ದು ಯಾರು?”

ಅತ್ತೆ ಕೈಯಲ್ಲಿದ್ದ ಕ್ಲಿಪ್ಪನ್ನು ಹಗ್ಗಕ್ಕೆ ವಾಪಸು ಸಿಕ್ಕಿಸಿದರು. ಯಾವ ದಿನ ಎಂದು ಕೇಳಲಿಲ್ಲ.

“ನಾನೇ” ಎಂದರು. “ಮೊದಲು ಬೂಟು ಹಾಕಿದೆ. ಎರಡು ಗಂಟು ಹಾಕಿದೆ, ಒಂದು ಹಾಕಿದ್ರೆ ಬಿಚ್ಚಿಕೊಳ್ತಿದ್ದ. ಆಮೇಲೆ ಬಾಗಿಲ ಹತ್ರ ನಿಲ್ಲಿಸಿದೆ, ಚೂರು ಹಾರಿದ್ರೂ ಅಲ್ಲಿಗೆ ಬರಲ್ಲ ಅಂತ. ಆಮೇಲೆ ಶುರು ಮಾಡಿದೆ.”

“ಗೊತ್ತಿದ್ದೇ ಒಡೆದ್ರಾ?”

“ಗೊತ್ತಿಲ್ಲದೆ ಅಷ್ಟೊಂದು ಸಾಮಾನು ಒಡೆಯೋಕಾಗುತ್ತೇನೆ? ಕೈ ನೋವಾಗಲ್ವಾ?” ಬಟ್ಟೆಯ ರಾಶಿಯನ್ನು ನನ್ನ ತೋಳಿಗೆ ಹಾಕಿ, ಸ್ಟೂಲಿನ ಮೇಲೆ ಕೂತರು. “ಬೆಳಗ್ಗೆ ಪಕ್ಕದ ಮನೆಗೆ ಫೋನ್ ಬಂದಿತ್ತು. ನಮ್ಮಮ್ಮ ಹೋದಳು ಅಂತ. ನಿಮ್ಮ ಮಾವ ಹೋಗಿ ಕೇಳಿಕೊಂಡು ಬಂದ್ರು. ಆವತ್ತು ಅವರ ಆಫೀಸಿನವರು ಹತ್ತು ಹನ್ನೆರಡು ಜನ ಊಟಕ್ಕೆ ಬರೋರಿದ್ರು. ನನಗೆ ಹೇಳಲಿಲ್ಲ. ಅಡುಗೆ ಮಾಡಿದೆ, ಬಡಿಸಿದೆ, ಅವರು ಜೋಕ್ ಹೇಳಿದ್ರೆ ನಕ್ಕೆ. ಎಲ್ಲ ಕೈ ತೊಳ್ಕೊಂಡು ಹೋದ ಮೇಲೆ ಬಂದು ಹೇಳಿದ್ರು. ಅಷ್ಟು ಹೊತ್ತಿಗೆ ಬಸ್ಸು ಹೋಗಿತ್ತು. ನಮ್ಮಮ್ಮನ ಮುಖ ನೋಡೋಕಾಗಲಿಲ್ಲ. ಅಡುಗೆ ಚೆನ್ನಾಗಿತ್ತು ಅಂದ್ರು ಕಣೆ, ಅದೇ ಉಸಿರಲ್ಲಿ.”

ತೋಳಿನ ತುಂಬ ಬಟ್ಟೆ ಹಿಡಿದು ನಿಂತೇ ಇದ್ದೆ. ಮಾವ ತೀರಿಕೊಂಡು ಎಷ್ಟೋ ಕಾಲವಾಗಿದೆ. ಗೋಡೆಯ ಮೇಲಿನ ಅವರ ಫೋಟೋದ ಧೂಳನ್ನು ದಿನಾ ನಾನೇ ಒರೆಸುತ್ತೇನೆ. ಇನ್ನು ಒರೆಸುವುದಿಲ್ಲ ಎಂದುಕೊಂಡೆ.

“ಆಮೇಲೆ ಡಾಕ್ಟರು ಬಂದ್ರು. ಸೂಜಿ ಚುಚ್ಚಿದ್ರು, ಮಾತ್ರೆ ಕೊಟ್ರು. ಯಾಕಮ್ಮ ಒಡೆದೆ ಅಂತ ಒಬ್ಬರೂ ಕೇಳಲಿಲ್ಲ. ತಲೆ ಕೆಟ್ಟಿದೆ ಅಂದ್ರೆ ಎಲ್ಲರಿಗೂ ಸುಲಭ.”

“ಇವರಿಗಾದ್ರೂ ಹೇಳಬಾರದಿತ್ತಾ?”

“ಅವನಿಗೆ ಅಪ್ಪ ಅಂದ್ರೆ ಪ್ರಾಣವಾಗಿತ್ತು. ನನ್ನ ಕಂಡ್ರೆ ಹೇಗೂ ಭಯ ಬಂದಿತ್ತು. ಇಬ್ಬರಲ್ಲಿ ಒಬ್ಬರಾದ್ರೂ ಅವನ ಪಾಲಿಗೆ ಸರಿಯಾಗಿರ್ಲಿ ಅಂತ ಸುಮ್ಮನಾದೆ. ನೀನೂ ಹೇಳ್ಬೇಡ. ಬಟ್ಟೆ ಕೆಳಗಿಡು, ಕೈ ನೋಯುತ್ತೆ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಚಿತ್ರ ಬಿಡಿಸುವುದಿಲ್ಲ ಎಂದು ಕೊಟ್ಟಿರಲಿಲ್ಲ.

ಮರುದಿನ ಕಚೇರಿಯಲ್ಲಿ ಕೊನೆಯ ಸಂಚಿಕೆಯ ದೊಡ್ಡ ಪುಟವನ್ನು ಮೇಜಿನ ಮೇಲೆ ಹಾಸಿದೆ. ಆಕಾಶದಲ್ಲಿ ಸಿಡಿಲಕ್ಕ, ಕೆಳಗೆ ಒಡೆಯುತ್ತಿರುವ ಊರು, ಓಡುವ ಜನ. ಮೈಕಟ್ಟಿನವರು ಎಡಗಡೆ ಮೂಲೆಯಲ್ಲಿ ಒಂದು ಪುಟ್ಟ ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿದ್ದರು, ನೋಡುವವರ ಹೊಟ್ಟೆ ಚುರುಕ್ ಎನ್ನಲೆಂದು. ಸಿಡಿಲಕ್ಕನ ಮುಖದ ಪಕ್ಕ ನೀಲಿ ಪೆನ್ಸಿಲ್ಲಿನಲ್ಲಿ ‘ಬಿಳಿ’ ಎಂದಿತ್ತು. ಕೆಳಗೆ ಎರಡು ಗೆರೆ.

ರಬ್ಬರು ತೆಗೆದುಕೊಂಡು ‘ಬಿಳಿ’ಯನ್ನು ಅಳಿಸಿದೆ. ಎದುರಿಗೆ ನಮ್ಮವರ ಬೋಳು ಬೆಳಕಿಗೆ ಹೊಳೆಯುತ್ತಿತ್ತು. ಸಣ್ಣ ಕುಂಚವನ್ನು ಮಸಿಯಲ್ಲಿ ಅದ್ದಿ ಎರಡು ಪಾಪೆ ಬರೆದೆ. ನೇರ ನೋಡುವ ಪಾಪೆಯಲ್ಲ. ಕೆಳಗೆ, ಎಡಕ್ಕೆ, ಆ ಮಗುವಿನ ಕಡೆ. ಒಲೆಯ ಮೇಲೆ ಹಾಲಿಟ್ಟು ಆಚೆ ಮಾತಾಡುತ್ತಿರುವ ಹೆಂಗಸು ಆಗಾಗ ಒಳಗೆ ಕಣ್ಣು ಹಾಯಿಸುತ್ತಾಳಲ್ಲ, ಆ ನೋಟ. ಬರೆದು ಕುಂಚ ಎತ್ತಿ ನೋಡಿದೆ. ಊರು ಬೀಳುತ್ತಿದ್ದದ್ದು ಹಾಗೇ ಬೀಳುತ್ತಿತ್ತು, ಕಲ್ಲೊಂದೂ ಕದಲಿರಲಿಲ್ಲ. ಆದರೆ ಈಗ ಅವಳು ಬೇಕೆಂದೇ ಕೆಡವುತ್ತಿದ್ದಳು. ಯಾವುದನ್ನು ಕೆಡವಬಾರದೆಂದೂ ಅವಳಿಗೆ ಗೊತ್ತಿತ್ತು.

ಬೂಟು ನನ್ನ ಇಲಾಖೆಯಲ್ಲ. ಆದರೂ ಮಗುವಿನ ಕಾಲಿಗೆ ಬೂಟು ಬರೆದೆ. ಅಕ್ಕಿಕಾಳಿನಷ್ಟು ಬೂಟು, ಅದಕ್ಕೆ ದಾರ, ದಾರಕ್ಕೆ ಎರಡು ಗಂಟು. ಬರೆದು ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಂಡಿತ್ತು. ಪುಟವನ್ನು ಅಚ್ಚಿನ ಕಡೆಗೆ ಕಳಿಸಿ ಟೀ ಕುಡಿಯಲು ಹೋದೆ.

ಪ್ರೂಫ್ ನೋಡಲು ಮಾಲೀಕರು, ನಿರ್ದೇಶಕ, ನಮ್ಮವರು ಮೂವರೂ ಮೇಜಿನ ಸುತ್ತ ನಿಂತರು. ನಾನು ನನ್ನ ಜಾಗದಲ್ಲೇ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದೆ, ಚೂಪಾಗಿದ್ದ ಪೆನ್ಸಿಲ್ಲನ್ನೇ. ದೊಡ್ಡ ಪುಟ ಬಂತು. ಮಾಲೀಕರು ಅದನ್ನು ಬೆಳಕಿಗೆ ತಿರುಗಿಸಿ ನೋಡಿದರು.

“ಇವಳು ಹುಚ್ಚಿ ತರ ಕಾಣ್ತಿಲ್ಲವಲ್ಲ” ಎಂದರು ಕೊನೆಗೆ ಮಾಲೀಕರು.

“ಇಲ್ಲ” ಎಂದ ನಿರ್ದೇಶಕ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದ. “ನಮ್ಮ ಮನೆಯವಳು ಹೀಗೆ ನೋಡ್ತಾಳೆ. ನಾನು ಮಾತು ಕೊಟ್ಟು ಮರೆತಾಗ.” ಕತ್ತು ಉಜ್ಜಿಕೊಂಡು, “ಬಿಳಿ ಕಣ್ಣಿಗೆ ಇಷ್ಟು ಭಯ ಆಗ್ತಿರಲಿಲ್ಲ” ಎಂದ.

ಮಾಲೀಕರು ಮುಂದಿನ ಪುಟ ತಿರುವಿದರು. “ಹಾಗಾದ್ರೆ ಈ ಉಕ್ಕಣ್ಣ ಯಾಕೆ ಈಟಿ ಹಿಡಿದು ಅಳ್ತಿದಾನೆ? ಪೆದ್ದನ ತರ ಕಾಣ್ತಾನಲ್ಲ.”

“ಏನೋ ತಪ್ಪು ಮಾಡಿರಬೇಕು” ಎಂದೆ ನಾನು ಕೂತಲ್ಲಿಂದ. ಎಲ್ಲರೂ ತಿರುಗಿ ನೋಡಿದರು. ನಮ್ಮವರು ಮಾತ್ರ ತಿರುಗಲಿಲ್ಲ.

ಅವರು ಪುಟದ ಎಡಮೂಲೆಗೆ ಬಗ್ಗಿದ್ದರು. ಕನ್ನಡಕ ಹಣೆಗೇರಿಸಿ, ಮೂಗು ಕಾಗದಕ್ಕೆ ತಾಗುವಷ್ಟು ಬಗ್ಗಿದ್ದರು. ಬೆರಳಿನಿಂದ ಆ ಬೂಟನ್ನು ಮುಟ್ಟಿದರು. ಆಮೇಲೆ ಸಿಡಿಲಕ್ಕನ ಕಣ್ಣು ನೋಡಿದರು, ಮತ್ತೆ ಬೂಟು ನೋಡಿದರು. ಅವರ ಕಿವಿ ಕೆಂಪಗಾಗುವುದು ಹಿಂದಿನಿಂದಲೇ ಕಂಡಿತು. ನನ್ನನ್ನು ಬೈಯುತ್ತಾರೆ ಅಂದುಕೊಂಡು ತಯಾರಾಗಿದ್ದೆ, ಎರಡು ಮಾತು ವಾಪಸು ಕೊಡಲು ನಾಲಿಗೆಯ ತುದಿಯಲ್ಲೇ ಇಟ್ಟುಕೊಂಡಿದ್ದೆ. ಅವರು ಬೈಯಲಿಲ್ಲ.

“ಕೊನೇ ಪುಟಗಳು ಬದಲಾಗ್ತವೆ” ಎಂದು ಮಾಲೀಕರಿಗೆ ಹೇಳಿ, ಕೊಡೆಯನ್ನೂ ತೆಗೆದುಕೊಳ್ಳದೆ ಹೊರಟುಬಿಟ್ಟರು.

ಆ ಪುಟಗಳು ಏನಾದವೆಂದು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಮರೆಯುತ್ತೇನೆ. ಸಿಡಿಲಕ್ಕ ಸಾಯಲಿಲ್ಲ. ಕೆಡವುವುದನ್ನು ಮುಗಿಸಿ, ಒಂದು ಕಲ್ಲಿನ ಮೇಲೆ ಕೂತು, ಯಾಕೆ ಕೆಡವಿದೆನೆಂದು ಹೇಳುತ್ತಾಳೆ. ಕೊನೆಯ ಚೌಕದಲ್ಲಿ ಉಕ್ಕಣ್ಣ ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದಾನೆ. ಮಾಲೀಕರು ಒಂದು ವಾರ ತಲೆ ಮೇಲೆ ಕೈ ಹೊತ್ತು ಕೂತರು. ನಿರ್ದೇಶಕ ಲೆನ್ಸುಗಳನ್ನು ವಾಪಸು ಕಳಿಸಿದ, ನಟಿ ನನಗೆ ಫೋನ್ ಮಾಡಿ ‘ಥ್ಯಾಂಕ್ಸ್ ಆಂಟೀ’ ಎಂದಳು. ಕಟ್ಟಡದವರಿಗೆ ಮಾತ್ರ ಏನೂ ವ್ಯತ್ಯಾಸವಾಗಲಿಲ್ಲ.

ಆ ಸಂಜೆಗೆ ಬರುತ್ತೇನೆ. ನಮ್ಮವರು ಹೊರಟದ್ದನ್ನು ಕಂಡು ನಾನೂ ಅವರ ಕೊಡೆ ಹಿಡಿದುಕೊಂಡು ಹಿಂದೆಯೇ ಹೊರಟೆ. ಬಿರುಸಾಗಿ ನಡೆಯುವವರಲ್ಲ ಅವರು, ಆವತ್ತು ಓಡಿದ ಹಾಗೆ ನಡೆದರು. ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, ಬೂಟು ಬಿಚ್ಚದೆ ಸೀದಾ ಅಡುಗೆಮನೆಗೆ ನುಗ್ಗಿದರು. ನಾನು ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತೆ.

ಅತ್ತೆ ಗ್ಯಾಸ್ ಹಚ್ಚಿ ಟೀಗೆ ಇಟ್ಟಿದ್ದರು. ಒಬ್ಬರೇ. ಸಿಕ್ಕಿಬಿದ್ದವರ ಹಾಗೆ ತಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮಗನ ಕಾಲು ನೋಡಿದರು.

“ಬೂಟು” ಎಂದರು.

“ಅಮ್ಮ, ಆವತ್ತು ನನಗೆ ಬೂಟು ಹಾಕಿದ್ದು ಯಾರು?”

ಅತ್ತೆ ನನ್ನ ಕಡೆ ತಿರುಗಿದರು. ‘ನಾನು ಹೇಳಿಲ್ಲ’ ಎಂದು ತಲೆಯಾಡಿಸಿದೆ. ಅದು ಸುಳ್ಳೇನಲ್ಲ.

“ಇನ್ಯಾರು ಹಾಕ್ತಾರೆ?” ಎಂದರು ಅತ್ತೆ. “ನಿಮ್ಮಪ್ಪಂಗೆ ನಿನ್ನ ಬೂಟು ಎಲ್ಲಿರುತ್ತೆ ಅಂತಾನೂ ಗೊತ್ತಿರಲಿಲ್ಲ.”

“ಒಡೆಯೋಕೆ ಮುಂಚೆಯೇ ಹಾಕಿದ್ಯಾ?”

“ಒಡೆದ ಮೇಲೆ ಹಾಕಿದ್ರೆ ಏನು ಪ್ರಯೋಜನ?”

ನಮ್ಮವರು ಏನೋ ಹೇಳಲು ಬಾಯಿ ತೆರೆದರು, ಆಗಲಿಲ್ಲ. ಮತ್ತೆ ತೆರೆದರು. ಊರೂರು ಕೆಡವುವ ಮಾತು ಬರೆಯುವ ಮನುಷ್ಯ, ಒಂದು ಪದ ಸಿಗದೆ ನಿಂತಿದ್ದರು. ನನಗೆ ಅವರ ಮೇಲೆ ಅಯ್ಯೋ ಅನ್ನಿಸಿತು, ಕೋಪವೂ ಬಂತು, ಎರಡೂ ಒಟ್ಟಿಗೆ.

“ಯಾಕಮ್ಮ?” ಎಂದು ಕೇಳಿದರು. “ಯಾಕೆ ಒಡೆದೆ?”

ಅತ್ತೆ ಇಷ್ಟು ವರ್ಷ ಕಾದಿದ್ದ ಪ್ರಶ್ನೆ ಅದು. ಮಗನ ಮುಖ ನೋಡಿದರು. ಗೋಡೆಯ ಮೇಲಿನ ಫೋಟೋದ ಕಡೆಯೂ ಒಮ್ಮೆ ನೋಡಿದರು.

“ಹೇಳ್ತೀನಿ. ನಿಧಾನವಾಗಿ ಹೇಳ್ತೀನಿ” ಎಂದರು. “ಮೊದಲು ಬೂಟು ಬಿಚ್ಚು. ಅಡುಗೆಮನೆ ಇದು.”

ನಮ್ಮವರು ಜೇಬಿಗೆ ಕೈ ಹಾಕಿ ಮನೆಯ ಬೀಗದ ಕೈ ತೆಗೆದರು. ಅದನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ, ಅತ್ತೆಯ ಕೈಗೆ ಸಿಗುವ ಹಾಗೆ ಇಟ್ಟರು. “ನಾವು ಹೋದ್ರೆ ಒಬ್ಬಳೇ ಇರ್ತೀಯಾ?”

“ನೀವಿಬ್ಬರೂ ಹೋದ್ರೆ ಸ್ವಲ್ಪ ನಿದ್ದೆಯಾದ್ರೂ ಬರುತ್ತೆ” ಎಂದರು ಅತ್ತೆ. ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ವೇಗ ನೋಡಿದರೆ, ಆ ಜಾಗವನ್ನು ಅದಕ್ಕೆಂದೇ ಖಾಲಿ ಇಟ್ಟುಕೊಂಡಿದ್ದರು ಅನ್ನಿಸಿತು.

ನಮ್ಮವರು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರು. ನನ್ನ ಕಡೆ ಮುಖ ಮಾಡಿ, ಒಲೆಯ ಕಡೆ ಬೆನ್ನು ಮಾಡಿ. ಹಾಗೆ ಕೂತದ್ದು ಅವರಿಗೇ ಗೊತ್ತಾದಂತಿರಲಿಲ್ಲ. ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು. ಕಣ್ಣು ತುಂಬಿದ್ದರಿಂದ ಗಂಟು ಕಾಣಲಿಲ್ಲವೋ ಏನೋ, ಬೆರಳು ಒಂದೇ ಕಡೆ ತಡಕಾಡುತ್ತಿತ್ತು. ಹನಿ ಬೂಟಿನ ಮೇಲೆ ಬಿತ್ತು. ನಾನು ಬರೆಯುವಷ್ಟು ದಪ್ಪವಿರಲಿಲ್ಲ.

ಅತ್ತೆ ಟೀ ಸೋಸುವುದನ್ನು ಬಿಟ್ಟು ಮಗನ ಹಿಂದೆ ನಿಂತಿದ್ದರು. ಸೋಸಣಿಗೆಯಿಂದ ಟೀ ನೆಲಕ್ಕೆ ತೊಟ್ಟಿಕ್ಕುತ್ತಿದ್ದರೂ ಅವರಿಗೆ ಪರಿವೆಯಿಲ್ಲ. ಮಗನ ತಲೆಯನ್ನೇ ನೋಡುತ್ತಿದ್ದರು, ಮೇಲಿನಿಂದ, ಹಿಂದಿನಿಂದ. ಕೈ ಮುಂದೆ ಬಂತು, ಮುಟ್ಟಲೋ ಬೇಡವೋ ಎಂದು ನಿಂತಿತು. ಆಮೇಲೆ ಮುಟ್ಟಿದರು. ನಮ್ಮವರು ಬೆಚ್ಚಲಿಲ್ಲ.

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು.

“ಇವನಿಗೆ ಹಿಂದೆ ಬೋಳಾಗಿದೆ ಕಣೆ” ಎಂದರು. “ನನಗೆ ಗೊತ್ತೇ ಇರಲಿಲ್ಲ.”